ಸ್ಪಷ್ಟನೆ: ಕಡಿಮೆ ಸಂಬಳಕ್ಕೆ ಸಹಿ ಹಾಕಿದರೆ ಹಕ್ಕು ಹೋಗುವುದಿಲ್ಲ

"ಹೇಳಿದ್ದಕ್ಕಿಂತ ಕಡಿಮೆ ಸಂಬಳ ತೆಗೆದುಕೊಂಡು ಸಹಿ ಹಾಕಿದರೆ ಮುಗಿಯಿತು, ಬಾಕಿ ಕೇಳುವಂತಿಲ್ಲ. ದೂರು ಕೊಡಲು ಇರುವುದು ಆರೇ ತಿಂಗಳು." ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಸಂದೇಶ ತಪ್ಪು. ಆರು ತಿಂಗಳ ಮಾತನ್ನು ಹೋದ ತಿಂಗಳು ನಾನೂ ಬರೆದಿದ್ದೆ. ಕ್ಷಮಿಸಿ, ಈಗ ತಿದ್ದುತ್ತಿದ್ದೇನೆ.

ಆರು ತಿಂಗಳ ಗಡುವು ಇದ್ದದ್ದು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ. ಅದರ ಜಾಗಕ್ಕೆ ಬಂದ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 45ನೇ ಸೆಕ್ಷನ್ ಬಾಕಿ ಕೇಳಲು 3 ವರ್ಷ ಕೊಡುತ್ತದೆ. ಇನ್ನು ಸಹಿಯ ವಿಷಯ. ಬರಬೇಕಾದ ಹಣ ಬಿಟ್ಟುಕೊಡುತ್ತೇನೆ ಎಂದು ಬರೆಸಿಕೊಂಡರೂ ಆ ಒಪ್ಪಂದ ನಿಲ್ಲುವುದಿಲ್ಲ, 60ನೇ ಸೆಕ್ಷನ್ ನೋಡಿ. ಹಣ ಕೊಟ್ಟಾಗಿದೆ ಎಂದು ತೋರಿಸುವ ಹೊಣೆಯೂ ಮಾಲೀಕರದ್ದೇ (59ನೇ ಸೆಕ್ಷನ್).

ಆದರೆ ಮಾತಾಗಿದ್ದು ಎಷ್ಟು ಅನ್ನೋದಕ್ಕೆ ನಿಮ್ಮ ಹತ್ತಿರ ಏನಾದರೂ ಇರಬೇಕು ಅಲ್ವಾ? ನೇಮಕಾತಿ ಆರ್ಡರ್ ಕೈಗೆ ಕೊಡದ ಮಾಲೀಕರೇ ಜಾಸ್ತಿ. "ತಿಂಗಳಿಗೆ 18,000, ಸೋಮವಾರ ಬನ್ನಿ" ಎಂಬ ಒಂದು ಮೆಸೇಜ್ ಇದ್ದರೂ ಅಳಿಸಬೇಡಿ. ಖಾತೆಗೆ 14,500 ಬಿದ್ದ ಪಾಸ್‌ಬುಕ್ ಪುಟ, ಹಾಜರಿ ಕಾರ್ಡಿನ ಫೋಟೋ ಇಟ್ಟುಕೊಳ್ಳಿ. ಸಹಿ ಹಾಕಲೇಬೇಕಾದರೆ ಪಕ್ಕದಲ್ಲಿ "3,500 ಬಾಕಿ ಇದೆ" ಎಂದು ತಾರೀಕು ಸಮೇತ ಬರೆಯಿರಿ. ಮೊದಲು ಮಾಲೀಕರಿಗೆ ಬರಹದಲ್ಲೇ ಕೇಳಿ. ಉತ್ತರ ಬರದಿದ್ದರೆ ನಿಮ್ಮ ಭಾಗದ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಿ.

ಹಳೆಯ ಸಂದೇಶ ನಂಬಿ ಎಷ್ಟೋ ಜನ ಸುಮ್ನೆ ಕೈಬಿಡುತ್ತಾರೆ. ದಯವಿಟ್ಟು ಅದನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದ ಗುಂಪಿನಲ್ಲೇ ಇದನ್ನೂ ಹಾಕಿ.