ಆರಾಮ ಮಾಡಿದರೆ ಆರಾಮ ಆಗುವುದಿಲ್ಲ

ನಮ್ಮ ಕಡೆ ಒಂದು ಮಾತಿಗೆ ಎರಡು ಅರ್ಥ ಇದೆ. ಜಡ್ಡಿನಿಂದ ಎದ್ದವರನ್ನು ನೋಡಿ "ಆರಾಮ ಆತಲ್ಲ, ಸಾಕು ಬಿಡ್ರಿ" ಅನ್ನುತ್ತೇವೆ. ಜಡ್ಡು ಬಿದ್ದವರಿಗೆ "ಏನೂ ಮಾಡಬ್ಯಾಡ್ರಿ, ಆರಾಮ ಮಾಡ್ರಿ" ಅನ್ನುತ್ತೇವೆ. ಗುಣ ಆಗುವುದೂ ಆರಾಮ, ಸುಮ್ನೆ ಮಲಗುವುದೂ ಆರಾಮ. ಮಲಗಿದರೆ ಗುಣ ಆಗುತ್ತದೆ ಅನ್ನೋ ನಂಬಿಕೆ ನಮ್ಮ ಮಾತಿನಲ್ಲೇ ಕೂತಿದೆ. ನಮ್ಮವ್ವನಿಗೆ ಲಕ್ವಾ ಹೊಡೆದಾಗ ಈ ನಂಬಿಕೆಯಿಂದ ನಾವು ಐದು ವಾರ ಕಳೆದುಕೊಂಡೆವು. ಬೇರೆ ಮನೆಯವರು ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅವ್ವ, ಅಪ್ಪ, ಅಣ್ಣ, ವೈನಿ ಗುಳೇದಗುಡ್ಡದಲ್ಲಿದ್ದಾರೆ. ನಾನು ಬಾಗಲಕೋಟೆಯ ನವನಗರದಲ್ಲಿ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಒಂದು ಬೆಳಗ್ಗೆ ಅವ್ವ ಏಳಲಿಲ್ಲ. ವೈನಿ ಹೋಗಿ ನೋಡಿದರೆ ಬಾಯಿ ಒಂದು ಕಡೆ ಸೊಟ್ಟ ಆಗಿತ್ತು, ಬಲಗೈ ಬಲಗಾಲು ಅಲ್ಲಾಡುತ್ತಿರಲಿಲ್ಲ. ಅಣ್ಣ ತಡ ಮಾಡದೆ ಗಾಡಿ ಮಾಡಿಕೊಂಡು ಬಂದ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಬೇಕು. ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಅವ್ವನಿಗೆ ನಿದ್ದೆಯಲ್ಲಿ ಯಾವ ಹೊತ್ತಿಗೆ ಆಯಿತೋ ಗೊತ್ತಿಲ್ಲ. ರಾತ್ರಿ ಮಲಗಿದ ಹೊತ್ತಿನಿಂದ ಲೆಕ್ಕ ಹಿಡಿದರೆ ಸಮಯ ಮೀರಿತ್ತು. ಇಂಜೆಕ್ಷನ್ ಸಿಗಲಿಲ್ಲ.

ಜೀವ ಉಳಿಯಿತು. ಅದಕ್ಕೆ ಆ ಡಾಕ್ಟರುಗಳಿಗೆ ಎಷ್ಟು ಕೈ ಮುಗಿದರೂ ಕಡಿಮೆಯೇ. ಆರನೇ ದಿನ ಡಿಸ್ಚಾರ್ಜ್ ಮಾಡಿದರು. ಕಾಗದದಲ್ಲಿ ಏಳು ಗುಳಿಗೆಗಳ ಹೆಸರಿತ್ತು. ಯಾವುದು ಊಟಕ್ಕೆ ಮೊದಲು, ಯಾವುದು ಊಟ ಆದಮೇಲೆ ಅಂತ ಒಬ್ಬ ಹುಡುಗ ಎರಡು ಸಲ ತಿಳಿಸಿ ಹೇಳಿದ. ಕೊನೇ ಸಾಲಿನಲ್ಲಿ "ಫಿಜಿಯೋ ಅಡ್ವೈಸ್ಡ್" ಅಂತ ಎರಡೇ ಪದ. ಅದೇನು, ಯಾರು ಮಾಡುತ್ತಾರೆ, ಎಂದಿನಿಂದ ಶುರು ಮಾಡಬೇಕು, ಮನೆಯವರು ಏನು ಕಲಿಯಬೇಕು, ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ಶುರುವಾಯಿತು ಸೇವೆ. ಅವ್ವನನ್ನು ಹೊರಸಿನ ಮೇಲೆ ಮಲಗಿಸಿದೆವು. ವೈನಿ ಬಾಯಿಗೆ ತುತ್ತು ಕೊಟ್ಟಳು. ನಾನು ಶನಿವಾರ ಬಸ್ಸು ಹತ್ತಿ ಹೋಗಿ ತಲೆ ಬಾಚುತ್ತಿದ್ದೆ, ಮುಖ ಒರೆಸುತ್ತಿದ್ದೆ. ಎದ್ದು ಕೂರಲು ನೋಡಿದರೆ ಎಲ್ಲರೂ ಒಟ್ಟಿಗೆ "ಯವ್ವಾ, ನೀ ಸುಮ್ನ ಮಲ್ಕೊ" ಅನ್ನುತ್ತಿದ್ದೆವು. ನೋಡಲು ಬಂದ ಬೀಗರು "ಮಕ್ಕಳು ಬಾಳ ಚೊಲೋ ನೋಡ್ಕೊಳ್ಳಾಕತ್ತಾರ" ಅಂತ ಹೊಗಳಿ ಹೋಗುತ್ತಿದ್ದರು. ನಡುವೆ ಯಾರೋ ಹೇಳಿದರು ಅಂತ ದೂರದ ಊರಿಗೆ ಕರೆದುಕೊಂಡು ಹೋಗಿ ಎಣ್ಣೆ, ಬೇರಿನ ಔಷಧ ತಂದೆವು. ದಿನಾ ಎರಡು ಹೊತ್ತು ಎಣ್ಣೆ ತಿಕ್ಕಿದೆವು. ಅಷ್ಟೊತ್ತಿಗೆ ಕೈ ಬಿಗಿಯಾಗತೊಡಗಿತ್ತು, ಬೆರಳು ಮುಷ್ಟಿ ಕಟ್ಟಿತ್ತು, ಭುಜ ಮುಟ್ಟಿದರೆ ಅವ್ವ ಚೀರುತ್ತಿದ್ದಳು.

ಐದು ವಾರ ಆದಮೇಲೆ ನನ್ನ ಶಾಲೆಯ ಸಹೋದ್ಯೋಗಿಯೊಬ್ಬರು ಒಬ್ಬ ಫಿಜಿಯೋಥೆರಪಿಸ್ಟ್ ನಂಬರ್ ಕೊಟ್ಟರು. ಆಕೆ ಮನೆಗೆ ಬಂದ ದಿನ ನಾವು ಕೇಳಿದ ಮೊದಲ ಪ್ರಶ್ನೆ, "ಮೇಡಮ್ಮರ, ಕರೆಂಟ್ ಮಷೀನ್ ತಂದೀರೇನ್ರಿ?" ನಮಗೆ ಫಿಜಿಯೋ ಅಂದರೆ ಕರೆಂಟ್ ಕೊಡುವುದು, ಶಾಖ ಕೊಡುವುದು, ಅಷ್ಟೇ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಬೇಕಾದಾಗ ತರ್ತೀನ್ರಿ ಅಕ್ಕಾರ. ಆದ್ರ ಮಷೀನ್ ಹಚ್ಚಿದ್ರ ಕೈ ಎತ್ತೋದು ಮಷೀನ್. ಅವ್ವಾರು ಎತ್ತಬೇಕಲ್ರಿ?" ಅಂದರು. ನಂತರ ಅವ್ವನ ಮುಂದೆ ಕೂತು, "ಅವ್ವಾರ, ನಿಮಗ ಏನು ಮಾಡಬೇಕು ಅನಸ್ತೈತಿ?" ಅಂತ ಕೇಳಿದರು. ಐದು ವಾರದಲ್ಲಿ ಆ ಪ್ರಶ್ನೆ ಅವ್ವನಿಗೆ ಯಾರೂ ಕೇಳಿರಲಿಲ್ಲ. ಮಾತು ತೊದಲುತ್ತಿತ್ತು. ಆದರೂ ತಿಳಿಯಿತು: "ರೊಟ್ಟಿ."

ಮೆದುಳಿನಲ್ಲಿ ಏನು ನಡೆಯುತ್ತದೆ ಅಂತ ಆಕೆ ಅಣ್ಣನಿಗೆ ಹೇಳಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದವಲ್ಲ, ಅವು ತಿರುಗಿ ಬರಲಿಲ್ಲ. ಮೆದುಳಿನಲ್ಲಿ ಸತ್ತ ಭಾಗವೂ ಹಾಗೇ, ತಿರುಗಿ ಬರುವುದಿಲ್ಲ. ಆದರೆ ಊರವರು ನವನಗರ ಕಟ್ಟಿಕೊಂಡರು, ಹೊಸ ದಾರಿ ಬಿದ್ದವು. ಮೆದುಳೂ ಉಳಿದ ಜಾಗದಲ್ಲಿ ಹೊಸ ದಾರಿ ಮಾಡುತ್ತದೆ. ಓಡಾಡಿದರೆ ಮಾತ್ರ ದಾರಿ ಬೀಳುತ್ತದೆ. ಒಂದು ಸಲ, ಹತ್ತು ಸಲ ಸಾಲದು. ಒಂದೇ ಚಲನೆ ದಿನಕ್ಕೆ ನೂರಾರು ಸಲ ಆಗಬೇಕು. ಈ ಕೆಲಸ ಮೊದಲ ಮೂರು ತಿಂಗಳಲ್ಲಿ ಜೋರಾಗಿ ನಡೆಯುತ್ತದೆ. ಆಮೇಲೆ ನಿಂತು ಹೋಗುವುದಿಲ್ಲ, ನಿಧಾನ ಆಗುತ್ತದೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೇ ಸ್ವಲ್ಪ ಸ್ವಲ್ಪ ಕೂರಿಸಿ ಶುರು ಮಾಡುತ್ತಾರಂತೆ. ನಾವು ಐದು ವಾರ ಹೊರಸಿನ ಮೇಲೆ ಮಲಗಿಸಿದ್ದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವು ಮಾಡಿದ ತಪ್ಪುಗಳಲ್ಲಿ ಭುಜದ್ದು ಎಲ್ಲಕ್ಕಿಂತ ದೊಡ್ಡದು. ಎಬ್ಬಿಸುವಾಗಲೆಲ್ಲ ಬಲಗೈ ಹಿಡಿದು ಜಗ್ಗುತ್ತಿದ್ದೆವು. ಭುಜದ ಕೀಲನ್ನು ಜಾಗದಲ್ಲಿ ಹಿಡಿದಿಡುವುದರಲ್ಲಿ ಸ್ನಾಯುಗಳ ಪಾಲು ದೊಡ್ಡದು. ಲಕ್ವಾ ಹೊಡೆದ ಮೇಲೆ ಆ ಸ್ನಾಯು ಸಡಿಲ. ಕೈಯ ಭಾರಕ್ಕೇ ಎಲುಬು ಕೆಳಗೆ ಜಾರುತ್ತದೆ. ಅದರ ಮೇಲೆ ನಾವು ಜಗ್ಗಿದರೆ ಏನಾಗಬೇಡ? ಅವ್ವ ಚೀರಿದ್ದು ಅದಕ್ಕೇ. ದಯವಿಟ್ಟು ಯಾರೂ ಬಿದ್ದ ಕೈ ಹಿಡಿದು ಎಬ್ಬಿಸಬೇಡಿ. ಸೊಂಟದ ಹತ್ತಿರ ಹಿಡಿಯಿರಿ. ಕೂತಾಗ ಆ ಕೈ ಜೋತು ಬೀಳದ ಹಾಗೆ ಕೆಳಗೆ ದಿಂಬು ಇಡಿ. ನಡುವೆ ತಗ್ಗಾಗುವ ಹೊರಸು ಬೇಡ, ಗಟ್ಟಿ ಕಾಟು ಇರಲಿ. ತಾವೇ ಹೊರಳಲು ಆಗದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಮಲಗಿದವರ ಬಾಯಿಗೆ ನೀರು ಹಾಕಬೇಡಿ. ಲಕ್ವಾದಲ್ಲಿ ನುಂಗುವುದೂ ಕೆಡಬಹುದು, ನೀರು ಶ್ವಾಸಕೋಶಕ್ಕೆ ಹೋಗಬಹುದು. ಇವುಗಳಲ್ಲಿ ಒಂದಕ್ಕೂ ದೊಡ್ಡ ಖರ್ಚಿಲ್ಲ. ಡಿಸ್ಚಾರ್ಜ್ ದಿನ ಹದಿನೈದು ನಿಮಿಷ ನಮ್ಮನ್ನು ಕೂರಿಸಿ ಹೇಳಿದ್ದರೆ ಸಾಕಿತ್ತು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ನಾಟಿತು. ಅಮೆರಿಕದ ಎಡ್ವರ್ಡ್ ಟಾಬ್ ಅನ್ನೋ ವಿಜ್ಞಾನಿ ಕಂಡುಕೊಂಡದ್ದು ಇದು. ಸೋತ ಕೈಯಿಂದ ಕೆಲಸ ಆಗದೆ, ಮನುಷ್ಯ ಎಲ್ಲದಕ್ಕೂ ಒಳ್ಳೇ ಕೈ ಬಳಸತೊಡಗುತ್ತಾನೆ. ಮುಂದೆ ಸೋತ ಕೈಗೆ ಸ್ವಲ್ಪ ಶಕ್ತಿ ಬಂದರೂ ಅದನ್ನು ಬಳಸುವುದೇ ಇಲ್ಲ. ಬಳಸದೇ ಇರುವುದನ್ನು ಮೆದುಳು ಕಲಿತುಬಿಟ್ಟಿರುತ್ತದೆ. ಅದಕ್ಕೆ ಅವರು ಹೇಳಿದ ದಾರಿ, ಒಳ್ಳೇ ಕೈಗೆ ಚೀಲದ ಹಾಗಿನ ಗವಸು ಹಾಕಿ, ಸೋತ ಕೈಯಿಂದಲೇ ದಿನದ ಕೆಲಸ ಮಾಡಿಸುವುದು. ಇದು ಎಲ್ಲರಿಗೂ ಅಲ್ಲ, ಬೆರಳು ಮಣಿಕಟ್ಟು ಸ್ವಲ್ಪವಾದರೂ ಬಿಚ್ಚುತ್ತಿರಬೇಕು. ಅವ್ವನಿಗೆ ನಾಲ್ಕನೇ ತಿಂಗಳಲ್ಲಿ ಫಿಜಿಯೋ ಮೇಡಂ ಇದನ್ನು ಶುರು ಮಾಡಿದರು. ಅವ್ವ ಸಿಟ್ಟಿನಿಂದ ಅತ್ತಳು. ಎದುರಿಗೆ ಕೂತು ನೋಡುವುದು ನಮಗೂ ಕಷ್ಟ ಆಯಿತು. ಆಗ ಅರ್ಥ ಆಯಿತು, ಮೊದಲ ವಾರಗಳಲ್ಲಿ ನಾವು ಮಾಡಿದ್ದು ಇದರ ಉಲ್ಟಾ. ಅವ್ವನ ಎರಡೂ ಕೈಗಳಿಗೆ ನಾವೇ ಗವಸು ಹಾಕಿದ್ದೆವು. ಪ್ರೀತಿಯಿಂದಲೇ ಹಾಕಿದ್ದೆವು.

ಅವ್ವನ ವ್ಯಾಯಾಮ ನಡೆದದ್ದು ಅಡುಗೆ ಮನೆಯಲ್ಲಿ. ಮೊದಲು ಜೋಳ ತುಂಬಿದ ಪರಾತದಲ್ಲಿ ಬೆರಳು ಆಡಿಸುವುದು. ಆಮೇಲೆ ಎರಡೂ ಕೈ ಸೇರಿಸಿ ಹಿಟ್ಟು ನಾದುವುದು. ಉಂಡೆ ಮಾಡುವುದು. ರೊಟ್ಟಿ ಬಡಿಯುವಾಗ ಏನೇನು ಬೇಕು ನೋಡಿ: ಭುಜ ಎತ್ತಬೇಕು, ಮೊಣಕೈ ಮಡಚಿ ಬಿಚ್ಚಬೇಕು, ಅಂಗೈ ಪೂರ್ತಿ ಬಿಚ್ಚಿ ಚಪ್ಪಟೆ ಆಗಬೇಕು, ತಾಳ ತಪ್ಪಬಾರದು, ಒಂದು ಕೈ ಬಡಿದರೆ ಇನ್ನೊಂದು ತಿರುಗಿಸಬೇಕು. ಮುಷ್ಟಿ ಕಟ್ಟಿದ ಕೈಗೆ ಇದಕ್ಕಿಂತ ಒಳ್ಳೇ ಪಾಠ ಎಲ್ಲಿದೆ? ಹಾಗೆಯೇ ನೆಲದ ಮೇಲಿಂದ ಏಳುವುದು. ಕುರ್ಚಿಯಿಂದ ಎದ್ದರೆ ನಮ್ಮವರಿಗೆ ಸಾಲದು. ನಮ್ಮ ಊಟ, ಪೂಜೆ, ಹರಟೆ ಎಲ್ಲ ನೆಲದ ಮೇಲೆ. ಒಳ್ಳೇ ಫಿಜಿಯೋ ಮನೆಯೊಳಗೆ ಬಂದು ಇದನ್ನು ನೋಡುತ್ತಾರೆ. ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ಸಂಡಾಸಿನಲ್ಲಿ ಹಿಡಿಯಲು ಏನಿದೆ ಅಂತಲೂ ನೋಡುತ್ತಾರೆ.

ವೈನಿಯ ಬಗ್ಗೆ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಹೊಗಳಿಕೆ ನಮ್ಮೆಲ್ಲರಿಗೂ ಸಿಕ್ಕಿತು, ಎತ್ತಿ ಇಳಿಸುವ ಕೆಲಸ ಆಕೆಗೆ ಸಿಕ್ಕಿತು. ಎರಡನೇ ತಿಂಗಳಿಗೆ ಆಕೆಯ ಸೊಂಟ ಹಿಡಿಯಿತು. ಬಗ್ಗಿ ಎತ್ತದೆ, ಮೊಣಕಾಲು ಮಡಚಿ, ಅವ್ವನ ಪಾದ ಹಿಂದೆ ಎಳೆಸಿ, ಮುಂದೆ ವಾಲಿಸಿ, ಅವ್ವನ ಬಲದಿಂದಲೇ ಎಬ್ಬಿಸುವುದು ಹೇಗೆ ಅಂತ ಫಿಜಿಯೋ ಮೇಡಂ ಕಲಿಸಿದರು. ಲಕ್ವಾ ಬಂದ ಮನೆಯಲ್ಲಿ ರೋಗಿ ಒಬ್ಬರೇ ಇರುವುದಿಲ್ಲ. ಸೊಸೆಯ ಸೊಂಟವನ್ನೂ ಯಾರಾದರೂ ಕೇಳಬೇಕು, ಅಲ್ವಾ?

ಅಪ್ಪನ ಕಥೆಯೂ ಇದಕ್ಕೇ ಸೇರುತ್ತದೆ. ಅಪ್ಪ ಖಣ ನೇಯುವವರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ದಿನಕ್ಕೆ ಎಂಟು ಹತ್ತು ತಾಸು ಮುಂದೆ ಬಗ್ಗಿ ಕೂತು ನಲವತ್ತು ವರ್ಷ ಕಳೆದವರು. ಹಿಂದೊಮ್ಮೆ ಬೆನ್ನು ಹಿಡಿದಾಗ ಎಂಆರ್‌ಐ ಮಾಡಿಸಿ, "ಡಿಸ್ಕ್ ಉಬ್ಬಿದೆ" ಅಂತ, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಕೇಳಿ ಹೆದರಿ, ಬೆಲ್ಟ್ ಕಟ್ಟಿಕೊಂಡು ಒಂದು ತಿಂಗಳು ಮಲಗಿದ್ದರು. ಎದ್ದಾಗ ಮೊದಲಿಗಿಂತ ಜಾಸ್ತಿ ಸೋತಿದ್ದರು. 1986ರಲ್ಲೇ ಅಮೆರಿಕದ ಒಂದು ಅಧ್ಯಯನ ಬೆನ್ನುನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿತು. ಏಳು ದಿನದವರಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. 1994ರ ಇನ್ನೊಂದರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎಲ್ಲೋ ಒಂದು ಡಿಸ್ಕ್ ಉಬ್ಬಿತ್ತು. ಉಬ್ಬು ಕಂಡ ಕೂಡಲೇ ಬದುಕು ಮುಗಿಯಿತು ಅಂತಲ್ಲ. ಆದರೆ ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ಹೋಗುತ್ತಾ ಬಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಬೇಕು. ಅಲ್ಲಿ ವ್ಯಾಯಾಮ ಅಂತ ಕಾಯಬಾರದು. ಅಪ್ಪ ಈಗ ಒಂದು ತಾಸಿಗೊಮ್ಮೆ ಮಗ್ಗದಿಂದ ಮೇಲೆ ಬಂದು, ಸೊಂಟಕ್ಕೆ ಕೈ ಕೊಟ್ಟು ಹಿಂದೆ ಬಾಗಿ, ಓಣಿ ತುದಿಯವರೆಗೆ ನಡೆದು ಬರುತ್ತಾರೆ. ಬೆಲ್ಟ್ ಗೂಟಕ್ಕೆ ನೇತು ಹಾಕಿದೆ.

ನಾನು ಕೇಳುವುದು ಬಹಳ ದೊಡ್ಡದೇನಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ. ವರ್ಷಗಟ್ಟಲೆ ಓದಿ ಫಿಜಿಯೋಥೆರಪಿಸ್ಟ್ ಆಗುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೇ ಇದ್ದಾರೆ. 2021ರಲ್ಲಿ ಇವರಿಗೆಲ್ಲ ಒಂದು ರಾಷ್ಟ್ರೀಯ ಕಾಯ್ದೆಯೂ ಬಂತು. ಆದರೆ ಹಳ್ಳಿಯಿಂದ ವಾರಕ್ಕೆ ಮೂರು ಸಲ ರೋಗಿಯನ್ನು ಗಾಡಿಯಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಬರುವುದು ಕೂಲಿ ಮಾಡುವ ಮನೆಗೆ ಆಗುವ ಮಾತಲ್ಲ. ಒಬ್ಬರ ದಿನದ ಪಗಾರ ಹೋಗುತ್ತದೆ. ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ, ಆಮೇಲೆ "ಫಿಜಿಯೋ ಮಾಡಿಸಿದ್ವಿ, ಏನೂ ಆಗಲಿಲ್ಲ" ಅನ್ನುತ್ತಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಜಿಯೋ ಖಾಯಂ ಇರಬೇಕು. ವಾರದಲ್ಲಿ ಕೆಲವು ದಿನ ಅವರು ಹಳ್ಳಿ ಮನೆಗಳಿಗೆ ಹೋಗಬೇಕು. ಲಕ್ವಾ ರೋಗಿಯನ್ನು ಮನೆಗೆ ಕಳಿಸುವ ಮೊದಲು ಮನೆಯವರಿಂದ ಒಂದು ಸಲ ಮಾಡಿಸಿ ನೋಡಬೇಕು: ಮಗ್ಗಲು ಬದಲಿಸುವುದು, ಕೂರಿಸುವುದು, ಎಬ್ಬಿಸುವುದು. ಗುಳಿಗೆ ಹೇಳುವಷ್ಟೇ ಕಾಳಜಿಯಿಂದ ಹೇಳಬೇಕು.

ಅವ್ವ ಪೂರ್ತಿ ಗುಣ ಆಗಿಲ್ಲ. ಕುಪ್ಪಸದ ಗುಂಡಿ ಇನ್ನೂ ಹಾಕಿಕೊಳ್ಳಲು ಬರುವುದಿಲ್ಲ. ಸಂಜೆ ಹೊತ್ತಿಗೆ ಬಲಗಾಲು ಎಳೆಯುತ್ತದೆ. ರೊಟ್ಟಿ ಬಡಿಯುತ್ತಾಳೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚು ಒಡೆದಿರುತ್ತದೆ, ದಿನಕ್ಕೆ ನಾಲ್ಕು. ಅಪ್ಪ ಬೇರೆ ರೊಟ್ಟಿ ಮುಟ್ಟುವುದಿಲ್ಲ. ಈಗ ಅವ್ವನಿಗೆ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ತೇರಿನ ಹತ್ತಿರದವರೆಗೆ ನಡೆದು ಹೋಗಬೇಕು ಅಂತ ಆಸೆ. ಜಾತ್ರೆಯ ನೆಲ ಮನೆಯ ಗಚ್ಚಿನ ಹಾಗೆ ಸಮ ಇರುವುದಿಲ್ಲ. ಅದಕ್ಕೆ ದಿನಾ ಬೆಳಗ್ಗೆ ಊರ ಹೊರಗಿನ ಕಲ್ಲುದಾರಿಯಲ್ಲಿ ಬಡಿಗೆ ಹಿಡಿದು ನಡೆಯುತ್ತಾಳೆ. ವೈನಿ ಒಂದು ಹೆಜ್ಜೆ ಹಿಂದೆ, ಬಲಗಡೆ ನಡೆಯುತ್ತಾಳೆ. ಕೈ ಚಾಚಿಕೊಂಡಿರುತ್ತಾಳೆ, ಹಿಡಿಯುವುದಿಲ್ಲ.