ರಾಮ್ ಮೋಹನ್ ಅವರ ಹೆಸರನ್ನೂ ಹೇಳಿ

ಮೊನ್ನೆ ನೆಂಟರ ಮನೆಯಲ್ಲಿ ಮಕ್ಕಳೆಲ್ಲ ಸೇರಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಎಂಬ ಕಾರ್ಟೂನ್ ಚಿತ್ರ ನೋಡಿದರು. ಮುಗಿದದ್ದೇ ತಡ, ಹಿರಿಯರೊಬ್ಬರು "ನೋಡ್ರೋ, ನಮ್ಮ ರಾಮಾಯಣ ಮಾಡೋಕೂ ಜಪಾನಿನವರೇ ಬರಬೇಕಾಯ್ತು" ಅಂದರು. ಎಲ್ಲರೂ ಹೌದೌದು ಅಂದರು. ನನಗೆ ಮೈಯೆಲ್ಲ ಉರಿಯಿತು.

ಈ ಚಿತ್ರ ಮಾಡಿದ ಜಪಾನಿನ ಯುಗೋ ಸಾಕೋ ಅವರ ಮೇಲೆ ನನಗೆ ಅಪಾರ ಗೌರವವಿದೆ. ಅವರ ಹಟ ಇಲ್ಲದಿದ್ದರೆ ಆ ಚಿತ್ರವೇ ಇಲ್ಲ. ಆದರೆ ನಿರ್ದೇಶಕರ ಸಾಲಿನಲ್ಲೇ ರಾಮ್ ಮೋಹನ್ ಎಂಬ ಹೆಸರೂ ಇದೆಯಲ್ಲ, ಅದು ಯಾಕೆ ಯಾರ ಕಣ್ಣಿಗೂ ಬೀಳುವುದಿಲ್ಲ?

1956ರಲ್ಲಿ ಬಾಂಬೆಯಲ್ಲಿದ್ದ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ಸೇರಿದವರು ಅವರು. ಡಿಸ್ನಿಯಿಂದ ಬಂದಿದ್ದ ಕ್ಲೇರ್ ವೀಕ್ಸ್ ಹತ್ತಿರ ಕೆಲಸ ಕಲಿತರು. ಎಂಥಾ ಕೆಲಸ ಅದು! ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡಬೇಕು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಕಂಪ್ಯೂಟರ್ ಇರಲಿಲ್ಲ. ಪೆನ್ಸಿಲಿನಲ್ಲಿ ಬಿಡಿಸಿ, ಪಾರದರ್ಶಕ ಹಾಳೆಗೆ ಇಳಿಸಿ, ಬಣ್ಣ ತುಂಬಿ, ಒಂದೊಂದಾಗಿ ಕ್ಯಾಮೆರಾ ಕೆಳಗಿಡಬೇಕು. ಪಾತ್ರವೊಂದು ಸುಮ್ಮನೆ ತಲೆಯೆತ್ತಿ ನೋಡುವುದಕ್ಕೂ ಅಷ್ಟೂ ದುಡಿಮೆ. ಹೀಗೆ ದಶಕಗಟ್ಟಲೆ ದುಡಿದವರ ಹೆಸರು ನಮಗೆ ಗೊತ್ತಿಲ್ಲ.

ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ'ಯ ಶುರುವಿನಲ್ಲಿ ಬ್ರಿಟಿಷರು ಸಂಸ್ಥಾನಗಳನ್ನು ನುಂಗಿದ ಕಥೆ ಕಾರ್ಟೂನಿನಲ್ಲಿ ಬರುತ್ತದಲ್ಲ, ಅದೂ ರಾಮ್ ಮೋಹನ್ ಅವರದೇ. ಯುನಿಸೆಫ್‌ಗಾಗಿ ರೂಪಿಸಿದ, ಮೀನಾ ಎಂಬ ಹುಡುಗಿಯ ಕಾರ್ಟೂನ್ ಸರಣಿ 'ಮೀನಾ' ಕೂಡ. ಒಂದು ಮಾತು ಹೇಳಿಬಿಡುತ್ತೇನೆ: ಮಾವಿನಹಣ್ಣಿನಲ್ಲಿ ಮೀನಾಳ ತಮ್ಮ ರಾಜುವಿಗೆ ದೊಡ್ಡ ಪಾಲು, ಮೀನಾಗೆ ಚಿಕ್ಕದು ಎಂಬ ಕಂತು ನೋಡಿದ ದಿನ ನಾನು ಅತ್ತಿದ್ದೆ. ನಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು, ಅದು ತಪ್ಪು ಅಂತ ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

"ಆ ರಾಮಾಯಣದ ಚಿತ್ರ ಬಿಡಿಸಿದ್ದು ಬಹುಪಾಲು ಜಪಾನಿನಲ್ಲೇ ಅಲ್ವಾ" ಅಂತ ವಾದಿಸುವವರಿದ್ದಾರೆ. ಹೌದು, ಬಹುಪಾಲು ಅಲ್ಲೇ. ಆದರೆ ನಮ್ಮ ಉಡುಗೆ ತೊಡುಗೆ, ರೀತಿ ರಿವಾಜು ಹೇಗಿರುತ್ತವೆ ಎಂದು ಅಲ್ಲಿನ ಕಲಾವಿದರಿಗೆ ತಿಳಿಸಿಕೊಟ್ಟವರು ಇಲ್ಲಿಂದ ಹೋದವರು. ಆ ರಾಮ, ಆ ಸೀತೆ ನಮ್ಮವರಂತೆ ಕಂಡರೆ ಅದರಲ್ಲಿ ಅವರ ಪಾಲೂ ಇದೆ. ಅದನ್ನು ಯಾಕೆ ಅಳಿಸಬೇಕು?

ರಾಮ್ ಮೋಹನ್ ಅವರಿಗೆ ಪದ್ಮಶ್ರೀ ಬಂದದ್ದು 2014ರಲ್ಲಿ, ಎಂಬತ್ತು ದಾಟಿದ ಮೇಲೆ. 2019ರಲ್ಲಿ ತೀರಿಕೊಂಡರು. 2025ರಲ್ಲಿ ಚಿತ್ರ ಮತ್ತೆ ಥಿಯೇಟರಿಗೆ ಬಂದಾಗಲೂ ನನ್ನ ಸುತ್ತ ಕೇಳಿದ್ದು ಅದೇ "ಜಪಾನಿನವರ ರಾಮಾಯಣ" ಎಂಬ ಮಾತು.

ಮಕ್ಕಳಿಗೆ ಈ ಚಿತ್ರ ತೋರಿಸುವವರಲ್ಲಿ ನನ್ನದೊಂದು ಕೋರಿಕೆ. ಯುಗೋ ಸಾಕೋ ಹೆಸರು ಖಂಡಿತ ಹೇಳಿ. ಕೊಯಿಚಿ ಸಾಸಾಕಿ ಹೆಸರು ಹೇಳಿ, ಅವರೂ ನಿರ್ದೇಶಕರೇ. ಜೊತೆಗೆ ರಾಮ್ ಮೋಹನ್ ಯಾರು ಅಂತಲೂ ಹೇಳಿ, ಆಮೇಲೆ ಆ ಮಕ್ಕಳಿಗೆ 'ಮೀನಾ' ಹಾಕಿಕೊಡಿ.