ಸಂಜೆ ಐದಕ್ಕೆ ಆ ಬೀದಿಯಲ್ಲಿ ಮಕ್ಕಳಿದ್ದಾರಾ?

ಮನೆ ಕೊಳ್ಳಲು ಹೊರಟಾಗ ನಮ್ಮ ಏಜೆಂಟರಿಗೆ ನಾನು ಹಾಕಿದ ಮೊದಲ ಪ್ರಶ್ನೆಗೇ ಉತ್ತರ ಸಿಗಲಿಲ್ಲ. "ಈ ಏರಿಯಾದಲ್ಲಿ ಎಂಥ ಜನ ಇದ್ದಾರೆ? ಮಕ್ಕಳೊಂದಿಗರು ಜಾಸ್ತಿನಾ? ಭಾರತದವರು ಯಾರಾದರೂ ಇದ್ದಾರಾ?" ಅಂತ ಕೇಳಿದ್ದೆ. ಊರಲ್ಲಾದರೆ ಇದು ತೀರಾ ಸಾಮಾನ್ಯ ಪ್ರಶ್ನೆ. ಆಕೆ ಬೇಜಾರು ಮಾಡಿಕೊಳ್ಳದೆ, ಇದಕ್ಕೆ ನಾನು ಉತ್ತರ ಕೊಡುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ ಎಂದರು. ನೀವೇ ಬಂದು ನೋಡಿ, ಅಕ್ಕಪಕ್ಕದವರನ್ನು ಮಾತಾಡಿಸಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ ಎಂದೂ ಹೇಳಿದರು.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. 2020ರ ಜನಗಣತಿಯ ಪ್ರಕಾರ ಇಲ್ಲಿ ಸುಮಾರು 2 ಲಕ್ಷ 70 ಸಾವಿರ ಜನ. ರಾಜ್ಯದ ರಾಜಧಾನಿ ಇದು, ದೊಡ್ಡ ವಿಶ್ವವಿದ್ಯಾಲಯವೂ ಇದೆ, ಊರಿನ ನಡುಭಾಗ ಎರಡು ಸರೋವರಗಳ ನಡುವಿನ ಸಣ್ಣ ಪಟ್ಟಿಯಲ್ಲಿ ಕೂತಿದೆ. ನಾನು ಹುಟ್ಟಿ ಬೆಳೆದದ್ದು ಮೈಸೂರಲ್ಲಿ. ಎರಡೂ ತೀರಾ ದೊಡ್ಡ ನಗರಗಳಲ್ಲ. ಹಾಗಾಗಿ ಎರಡು ಕಡೆಯೂ ಜನ ಮನೆ ಹುಡುಕುವ ರೀತಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನನಗೆ ಬಂದುಬಿಟ್ಟಿದೆ.

ಆ ಏಜೆಂಟ್ ಹೇಳಿದ ಕಾನೂನು 1968ರದ್ದು. ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಭೇದ ಮಾಡಬಾರದು ಅನ್ನುತ್ತದೆ. 1974ರಲ್ಲಿ ಗಂಡು ಹೆಣ್ಣು ಎಂಬ ಭೇದವೂ ಕೂಡದು ಎಂದು ಸೇರಿಸಿದರು. 1988ರಲ್ಲಿ ಅಂಗವೈಕಲ್ಯ ಸೇರಿತು, ಮಕ್ಕಳಿರುವ ಕುಟುಂಬ ಎಂಬ ಕಾರಣಕ್ಕೆ ಬೇಡ ಅನ್ನುವುದೂ ತಪ್ಪಾಯಿತು. ಏಜೆಂಟು ನಿಮ್ಮ ಮುಖ ನೋಡಿ 'ನಿಮ್ಮಂಥವರಿಗೆ ಆ ಕಡೆ ಚೆನ್ನಾಗಿರುತ್ತೆ' ಅಂತ ಒಂದು ದಿಕ್ಕಿಗೆ ತಳ್ಳುವುದೂ ಕಾನೂನಿಗೆ ವಿರುದ್ಧವೇ. ಅದಕ್ಕೇ ಎಷ್ಟೋ ಏಜೆಂಟರು 'ಸಂಸಾರಕ್ಕೆ ಒಳ್ಳೆ ಜಾಗ' ಅನ್ನುವ ಮಾತನ್ನೂ ಬಾಯಿಗೆ ತರುವುದಿಲ್ಲ.

ಮೊದಲ ದಿನ ನನಗೆ ಇದು ಅತಿ ಅನಿಸಿತು. ಆಮೇಲೆ ಒಂದು ಹಳೆ ಮನೆ ನೋಡಲು ಹೋದಾಗ ಅದರ ಹಳೆಯ ಕ್ರಯಪತ್ರದ ಪ್ರತಿ ಓದಿದೆ. ಬಿಳಿಯರಲ್ಲದವರು ಈ ಜಾಗದಲ್ಲಿ ವಾಸ ಮಾಡಬಾರದು, ಮನೆಗೆಲಸದವರಾಗಿ ಇದ್ದರೆ ಮಾತ್ರ ಸರಿ ಅನ್ನುವ ಅರ್ಥದ ಒಂದು ಸಾಲು ಅದರಲ್ಲಿತ್ತು. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟು 1948ರಲ್ಲೇ ಹೇಳಿದೆ, ಆದರೂ ಎಷ್ಟೋ ಪತ್ರಗಳಲ್ಲಿ ಆ ಸಾಲು ಹಾಗೇ ಉಳಿದಿದೆ. ನಾನು ಹೆಂಡತಿಗೆ ತೋರಿಸಿದೆ. ಅವಳು ಎರಡು ಸಲ ಓದಿ ಕಾಗದ ವಾಪಸ್ ಕೊಟ್ಟಳು, ಕಾರಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೊಂದು 200ಕ್ಕೂ ಹೆಚ್ಚು ಊರುಗಳ ನಕ್ಷೆ ಮಾಡಿ, ಸಾಲಕ್ಕೆ ಒಳ್ಳೆಯ ಬಡಾವಣೆಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿದಿತ್ತು. ಕಪ್ಪು ಜನ ಇದ್ದ ಕಡೆಗಳಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಂಪು. ಮ್ಯಾಡಿಸನ್ನಿಗೂ ಅಂಥ ನಕ್ಷೆ ಇತ್ತು.

ಈಗ ನಮ್ಮ ಕಡೆ ನೋಡಿ. ಮನೆ ತೋರಿಸುವ ಬ್ರೋಕರ್ ಫೋನಿನಲ್ಲೇ ಕೇಳುತ್ತಾನೆ: ನೀವು ಯಾವ ಜನ, ವೆಜ್ಜಾ ನಾನ್‌ವೆಜ್ಜಾ, ಊರು ಯಾವುದು. ಅಷ್ಟು ಕೇಳಿಯೇ ಕೀ ಹಿಡಿದು ಬರುತ್ತಾನೆ. ಇದರಲ್ಲಿ ಏನು ತಪ್ಪು, ಹೊಂದಿಕೊಂಡು ಬಾಳಬೇಕಲ್ವಾ ಅಂತ ನಮ್ಮ ಮನೆಯಲ್ಲೇ ಹಿರಿಯರು ಹೇಳುತ್ತಾರೆ. ನಾನೂ ಹಾಗೇ ನಂಬಿದ್ದವನು. ಆ ಪತ್ರದ ಸಾಲಿನಲ್ಲಿ ಹೊರಗೆ ನಿಲ್ಲಬೇಕಾದವನು ನಾನೇ ಎಂದು ಓದಿದ ಮೇಲೆ ಹಾಗೆ ನಂಬಲು ಆಗುತ್ತಿಲ್ಲ. ಎಂಥ ಜನ ಅಂತ ಕೇಳಿದರೆ ಬಡಾವಣೆಯ ಗುಣ ಗೊತ್ತಾಗುವುದಿಲ್ಲ. ಯಾರನ್ನು ಹೊರಗಿಟ್ಟಿದ್ದಾರೆ ಅನ್ನುವುದಷ್ಟೇ ಗೊತ್ತಾಗುತ್ತದೆ.

ಹಾಗಂತ ಅಮೆರಿಕದವರು ಇದನ್ನು ಗೆದ್ದುಬಿಟ್ಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬಾಯಲ್ಲಿ ಕೇಳಬಾರದ ಪ್ರಶ್ನೆ ಇಲ್ಲಿ ಒಂದು ಅಂಕಿಯ ರೂಪದಲ್ಲಿ ಬರುತ್ತದೆ. ಅದು ಶಾಲೆಯ ರೇಟಿಂಗ್. ಮನೆ ಮಾರಾಟದ ಆ್ಯಪ್‌ಗಳಲ್ಲಿ ಪ್ರತಿ ಮನೆಯ ಕೆಳಗೆ ಹತ್ತಿರದ ಸರ್ಕಾರಿ ಶಾಲೆಗಳ ಹೆಸರು, ಪಕ್ಕದಲ್ಲಿ 1ರಿಂದ 10ರೊಳಗೆ ಒಂದು ಸಂಖ್ಯೆ. ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆ ಕೊಡುವ ಅಂಕ ಅದು, ಪರೀಕ್ಷೆಯ ಫಲಿತಾಂಶಕ್ಕೆ ಅದರಲ್ಲಿ ದೊಡ್ಡ ತೂಕ. ಪರೀಕ್ಷೆಯ ಅಂಕ ಮಕ್ಕಳ ಮನೆಯ ಆದಾಯದ ಜೊತೆಜೊತೆಗೇ ಏರುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಎಂಟಕ್ಕಿಂತ ಕಡಿಮೆ ಇದ್ದರೆ ಬೇಡ ಅಂದುಬಿಟ್ಟರೆ, ದುಡ್ಡಿರುವವರ ಪಕ್ಕದಲ್ಲೇ ಇರಬೇಕು ಅಂದ ಹಾಗೆಯೇ. ನಮ್ಮವರಲ್ಲಿ ಈ ಹಠ ಬಹಳ. ಮನೆ ಹುಡುಕುತ್ತಿದ್ದೇವೆ ಅಂದ ಕೂಡಲೇ ಸ್ನೇಹಿತರೆಲ್ಲ ಕೇಳಿದ್ದು ಒಂದೇ: ಶಾಲೆ ಎಷ್ಟು? ಆ ಶಾಲೆಯೊಳಗೆ ಕಾಲಿಟ್ಟವರು ಅವರಲ್ಲಿ ಯಾರೂ ಇರಲಿಲ್ಲ.

ಶಾಲೆ ಮುಖ್ಯ ಅಲ್ಲ ಎನ್ನುತ್ತಿಲ್ಲ. ಇಲ್ಲಿ ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ನಿರ್ಧರಿಸುತ್ತದೆ, ಮನೆ ಕಂದಾಯದ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ. ಬೇರೆ ಶಾಲಾ ಜಿಲ್ಲೆಯ (ಸರ್ಕಾರಿ ಶಾಲೆಗಳನ್ನು ನಡೆಸಲೆಂದೇ ಗುರುತಿಸಿದ ಪ್ರದೇಶ) ಶಾಲೆಗೆ ಅರ್ಜಿ ಹಾಕುವ ದಾರಿ ವಿಸ್ಕಾನ್ಸಿನ್‌ನಲ್ಲಿದೆ, ಆದರೆ ಸೀಟು ಇದ್ದರೆ ಉಂಟು. ಇನ್ನೊಂದು ತೊಡಕು ಹೊಸಬರಿಗೆ ಗೊತ್ತೇ ಆಗುವುದಿಲ್ಲ: ಊರಿನ ಗಡಿ ಬೇರೆ, ಶಾಲಾ ಜಿಲ್ಲೆಯ ಗಡಿ ಬೇರೆ. ವಿಳಾಸದಲ್ಲಿ ಮ್ಯಾಡಿಸನ್ ಎಂದೇ ಇರುತ್ತದೆ, ಮಗು ಹೋಗಬೇಕಾದ್ದು ಪಕ್ಕದ ಊರುಗಳಾದ ಮಿಡಲ್ಟನ್ ಕಡೆಯ ಅಥವಾ ವೆರೋನ ಕಡೆಯ ಶಾಲೆಗೆ. ಗಡಿ ಆಗಾಗ ಬದಲಾಗುವುದೂ ಉಂಟು. ಮಾರಾಟದ ಜಾಹೀರಾತು ನಂಬಬೇಡಿ, ಶಾಲಾ ಜಿಲ್ಲೆಯ ಕಚೇರಿಗೆ ಮನೆ ನಂಬರ್ ಹೇಳಿ ಕೇಳಿ.

ನಾವು ಮಾಡಿದ್ದು ಇಷ್ಟು. ಮನಸ್ಸಿಗೆ ಬಂದ ನಾಲ್ಕು ಬಡಾವಣೆಗಳಿಗೆ ವಾರದ ದಿನ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ, ಭಾನುವಾರ ಒಮ್ಮೆ ಹೋದೆವು. ಕಾರು ದೂರ ನಿಲ್ಲಿಸಿ ನಡೆದೆವು. ಊರಾಚೆ ಹೊಸ ಬಡಾವಣೆಯಲ್ಲಿ ಒಂದು ಮನೆ ಇತ್ತು, ನಾಲ್ಕು ಬೆಡ್‌ರೂಮು, ಹೊಳೆಯುವ ಅಡುಗೆಮನೆ, ಶಾಲೆಗೆ ಒಂಬತ್ತು ಅಂಕ. ಮೂರು ಸಲ ಹೋದರೂ ರಸ್ತೆಯಲ್ಲಿ ಒಂದು ಮಗು ಕಾಣಲಿಲ್ಲ. ಎಲ್ಲರ ಮನೆ ಮುಂದೆಯೂ ಗ್ಯಾರೇಜಿನ ಬಾಗಿಲು, ಕಾರು ಬಂದಾಗ ಮೇಲೇಳುತ್ತದೆ, ಹಿಂದೆಯೇ ಇಳಿಯುತ್ತದೆ. ಮಕ್ಕಳು ಒಳಗಿದ್ದರೋ ಯಾವುದಾದರೂ ಕ್ಲಾಸಿಗೆ ಹೋಗಿದ್ದರೋ. ಇನ್ನೊಂದು ಕಡೆ 1950ರ ದಶಕದ ಸಣ್ಣ ಮನೆಗಳ ಸಾಲು, ಶಾಲೆಗೆ ಆರು ಅಂಕ. ಅಲ್ಲಿ ಸಂಜೆ ಐದಕ್ಕೆ ಏಳು ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಒಬ್ಬ ಅಜ್ಜ ಮೆಟ್ಟಿಲ ಮೇಲೆ ಕೂತು ಸುಮ್ನೆ ನೋಡುತ್ತಿದ್ದರು. ನನ್ನ ಮಗಳು ನನ್ನ ಕೈ ಬಿಟ್ಟು ಅವರ ಕಡೆ ಓಡಿದಳು. ಆ ಶಾಲೆಗೂ ಕೇಳಿಕೊಂಡು ಹೋಗಿ ಒಂದು ಬೆಳಿಗ್ಗೆ ಇದ್ದೆವು. ಟೀಚರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಲೈಬ್ರರಿಯಲ್ಲಿ ಪುಸ್ತಕ ತುಂಬಿತ್ತು. ಆರು ಅಂಕಕ್ಕೆ ನಾನು ಅಂಜಿದ್ದು ಸುಳ್ಳಲ್ಲ, ಆ ಬೆಳಿಗ್ಗೆ ಅಂಜಿಕೆ ಹೋಯಿತು.

ಫುಟ್‌ಪಾತ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ನಮ್ಮ ಅಪ್ಪ ಅಮ್ಮ ಬಂದರೆ ಪ್ರವಾಸಿ ವೀಸಾದಲ್ಲಿ ಬಂದು ಆರು ತಿಂಗಳು ಇರುತ್ತಾರೆ. ಕಾರು ಓಡಿಸುವುದಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರಿಗೆ ಆ ಮನೆ, ಆ ಬೀದಿ, ಅಷ್ಟೇ ಲೋಕ. ಹಿಂದಿನ ಬಾಡಿಗೆ ಮನೆಯ ಹತ್ತಿರ ಫುಟ್‌ಪಾತ್ ಇರಲಿಲ್ಲ, ಅಂಗಡಿ ಮೂರು ಕಿಲೋಮೀಟರ್ ದೂರ. ಅಮ್ಮ ಮೂರನೇ ವಾರಕ್ಕೇ "ಕಿಟಕಿ ನೋಡಿ ನೋಡಿ ಸಾಕಾಯ್ತು ಕಣೋ" ಅಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಅದಕ್ಕೆ ಈ ಸಲ ಹೆಂಡತಿ ಒಂದು ಪಟ್ಟು ಹಿಡಿದಳು: ಮನೆಯಿಂದ ಹತ್ತು ನಿಮಿಷ ನಡೆದರೆ ಪಾರ್ಕು, ಲೈಬ್ರರಿ, ಬಸ್ ಸ್ಟಾಪು, ಈ ಮೂರರಲ್ಲಿ ಎರಡಾದರೂ ಸಿಗಬೇಕು. ಮ್ಯಾಡಿಸನ್‌ನಲ್ಲಿ ಹಿಮ ಬೀಳುವುದು ನಿಂತ ಮರುದಿನ ಮಧ್ಯಾಹ್ನದೊಳಗೆ ಮನೆಯವರೇ ತಮ್ಮ ಮನೆ ಮುಂದಿನ ಫುಟ್‌ಪಾತಿನ ಹಿಮ ತೆಗೆದು ಸ್ವಚ್ಛ ಮಾಡಬೇಕು ಎಂಬ ನಿಯಮವಿದೆ. ನಿಯಮವನ್ನು ಯಾರು ಪಾಲಿಸುತ್ತಾರೆ ಅನ್ನುವುದನ್ನು ಜನವರಿಯಲ್ಲಿ ನಡೆದು ನೋಡಿದರೆ ಬೀದಿಯ ಸ್ವಭಾವ ತಿಳಿಯುತ್ತದೆ. ಪಕ್ಕದ ಮನೆಯ ಮುದುಕಿಯ ಪಾಲಿನ ಹಿಮವನ್ನೂ ಯಾರೋ ತೆಗೆದಿದ್ದರೆ, ಅಲ್ಲಿಗೆ ಕಣ್ಣುಮುಚ್ಚಿ ಹೋಗಬಹುದು.

ಇನ್ನು ನೀರು. 2018ರ ಆಗಸ್ಟ್ 20ರಂದು ಇಲ್ಲಿನ ಪಶ್ಚಿಮ ಭಾಗದಲ್ಲಿ ಒಂದೇ ದಿನ ಹತ್ತಿಂಚಿಗೂ ಮಿಕ್ಕಿ ಮಳೆ ಸುರಿದು ರಸ್ತೆಗಳೆಲ್ಲ ಹೊಳೆಯಾದವು. ಸರ್ಕಾರದ ಪ್ರವಾಹ ನಕ್ಷೆಯನ್ನು ನೋಡಬೇಕು, ನಿಜ. 'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಅಂದರೆ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ, 30 ವರ್ಷದ ಸಾಲ ತೀರುವಷ್ಟರಲ್ಲಿ ಅದು ನೂರಕ್ಕೆ 26ರಷ್ಟಾಗುತ್ತದೆ. ಆದರೆ ಚರಂಡಿ ತುಂಬಿ ನುಗ್ಗುವ ನೀರು ನಕ್ಷೆ ನೋಡಿಕೊಂಡು ಬರುವುದಿಲ್ಲ. ನಾನು ಬೀದಿಯ ಐದು ಮನೆ ಬಾಗಿಲು ತಟ್ಟಿ, 2018ರಲ್ಲಿ ನಿಮ್ಮ ನೆಲಮಾಳಿಗೆಗೆ ನೀರು ಬಂದಿತ್ತಾ ಎಂದು ಕೇಳಿದೆ. ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬರಂತೂ ಒಳಗೆ ಕರೆದು ಗೋಡೆಯ ಗುರುತು ತೋರಿಸಿದರು. ಈ ಪ್ರಶ್ನೆ ನನಗೆ ಕಲಿಸಿದ್ದು ನನ್ನ ಅಜ್ಜ. ಯಾವ ಸೈಟ್ ತೋರಿಸಿದರೂ "ಇದು ಮೊದಲು ಏನಾಗಿತ್ತು, ಹೊಲವೋ ಕೆರೆ ಅಂಗಳವೋ" ಅನ್ನುತ್ತಿದ್ದರು.

ಆ ಪ್ರಶ್ನೆಯನ್ನು ಮೈಸೂರಲ್ಲಿ ಈಗ ಎಷ್ಟು ಜನ ಕೇಳುತ್ತಾರೋ ಗೊತ್ತಿಲ್ಲ. ಊರಲ್ಲಿ ಸೈಟ್ ನೋಡುವವರ ಮಾತು ಕೇಳಿದರೆ ಪೂರ್ವ ದಿಕ್ಕಾ, ಮೂಲೆ ಸೈಟಾ, ಖಾತೆ ಆಗಿದೆಯಾ, ಇಸಿ (ಋಣಭಾರ ಪತ್ರ) ತೆಗೆಸಿದ್ದೀರಾ, ಮುಂದೆ ರೇಟು ಎಷ್ಟು ಏರುತ್ತೆ. ಕಾಗದ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳು ಎಲ್ಲಿ ಆಡುತ್ತಾರೆ ಅಂತ ಕೇಳಿದವರು ನನಗೆ ಸಿಕ್ಕಿಲ್ಲ. ಶಾಲೆಯ ಚಿಂತೆಯೂ ಇಲ್ಲ, ವ್ಯಾನ್ ಬರುತ್ತಲ್ಲ ಎನ್ನುತ್ತಾರೆ. ಅದರಿಂದಾಗಿ ಒಂದೇ ಬೀದಿಯ ಹತ್ತು ಮಕ್ಕಳು ಹತ್ತು ಶಾಲೆಗೆ ಹೋಗುತ್ತಾರೆ, ಬೇರೆ ಬೇರೆ ಹೊತ್ತಿಗೆ ಬರುತ್ತಾರೆ, ಪಕ್ಕದ ಮನೆಯವನ ಹೆಸರೂ ಗೊತ್ತಿರುವುದಿಲ್ಲ. ಇಲ್ಲಿ ನನ್ನ ಮಗಳ ಬೀದಿಯ ಮಕ್ಕಳೆಲ್ಲ ಅವಳ ಶಾಲೆಯವರೇ. ಬೆಳಿಗ್ಗೆ ಗುಂಪಾಗಿ ನಡೆದು ಹೋಗುತ್ತಾರೆ. ಇದು ಅಮೆರಿಕದಿಂದ ಕಲಿಯುವಂಥದ್ದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಮೈಸೂರಿಗೆ ಇದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಯೂ ಇಲ್ಲ. 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಅದು, ಪ್ಲೇಗಿನ ಭಯದ ಕಾಲದಲ್ಲಿ ಗಾಳಿ ಬೆಳಕಿಗೆ ಜಾಗ ಬಿಟ್ಟು ಬಡಾವಣೆ ಕಟ್ಟಿದ ಊರು. ಸರಸ್ವತಿಪುರಂನ ಅಡ್ಡರಸ್ತೆಗಳಲ್ಲಿ ನಾವು ಕತ್ತಲಾಗುವ ತನಕ ಆಡುತ್ತಿದ್ದಾಗ ಯಾವ ಮನೆಯ ಅತ್ತೆ ಬೇಕಾದರೂ ಗದರಿಸಬಹುದಿತ್ತು, ಯಾರ ಮನೆಯಲ್ಲಿ ಬೇಕಾದರೂ ನೀರು ಕುಡಿಯಬಹುದಿತ್ತು.

ಹೋದ ತಿಂಗಳು ನನ್ನ ಚಿಕ್ಕಪ್ಪನ ಮಗ ರಿಂಗ್ ರೋಡಿನ ಆಚೆ ಒಂದು ಮನೆಗೆ ಅಡ್ವಾನ್ಸ್ ಕೊಡಲು ಹೊರಟಿದ್ದ. ಅವನಿಗೆ ಎರಡು ಸಣ್ಣ ಮಕ್ಕಳು. ಸಂಜೆ ಐದಕ್ಕೆ ಒಂದು ಸಲ ಹೋಗಿ ಅರ್ಧ ಗಂಟೆ ನಿಂತು ಬಾ ಅಂತ ಹೇಳಿದೆ. ಅವತ್ತೇ ರಾತ್ರಿ ಫೋನ್ ಮಾಡಿದ.

"ಅಣ್ಣ, ಹೋಗಿದ್ದೆ. ಅರ್ಧಕ್ಕರ್ಧ ಖಾಲಿ ಸೈಟು, ಬೀದಿ ದೀಪ ಮೂರರಲ್ಲಿ ಒಂದು ಉರೀತಿದೆ. ಪಾರ್ಕ್ ಅಂತ ಬೋರ್ಡ್ ಇದೆ, ಒಳಗೆ ಗಿಡಗಂಟಿ."

"ಮಕ್ಕಳು?"

"ಒಬ್ಬನೇ ಹುಡುಗ. ಕಾಂಪೌಂಡ್ ಒಳಗೆ ಗೋಡೆಗೆ ಚೆಂಡು ಹೊಡೀತಿದ್ದ. ನಾಳೆ ಕುವೆಂಪುನಗರದ ಕಡೆ ಒಂದು ಹಳೇ ಮನೆ ಇದೆಯಂತೆ, ಸಂಜೆಗೇ ಹೋಗ್ತೀನಿ."